ಮುಂಜಾನೆ ತಿಳಿದದ್ದು

ಪ್ರೋಗ್ರಾಮನ್ನು ಏಳನೆಯ ಸಲ ಓಡಿಸಿದಾಗಲೂ ಪಟ್ಟಿಯಲ್ಲಿ ಕರೀಮ್ ಸರ್ ಬರೆದ ಫಂಕ್ಷನ್ನಿನ ಹೆಸರು ಬರಲಿಲ್ಲ. ಅಂಬಿಕಾ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಅಡುಗೆಮನೆಯಲ್ಲಿ ಕುಕ್ಕರಿನ ಎರಡನೆಯ ಸೀಟಿ ಆಯಿತು. ಮೂರಕ್ಕೆ ಇಳಿಸಬೇಕು ಎಂದುಕೊಂಡಳು, ಮೂರನೆಯದೂ ಆಯಿತು, ನಾಲ್ಕನೆಯದೂ ಆಯಿತು, ಏಳಲಿಲ್ಲ. ಕಿಟಕಿಯ ಆಚೆ ವಾಡಿಯ ರೈಲ್ವೆ ಕ್ವಾರ್ಟರ್ಸಿನ ಬೇವಿನ ಮರ ಮೈತುಂಬ ಬೂದುಧೂಳು ಹೊತ್ತು ಅಲುಗಾಡದೆ ನಿಂತಿತ್ತು. ಮಂಗಳವಾರ, ಬೆಳಗಿನ ಒಂಬತ್ತೂವರೆ. ಇಂಥದ್ದು ಇಷ್ಟು ಸಾದಾ ದಿನದಲ್ಲಿ ಗೊತ್ತಾಗಬಾರದಿತ್ತು ಎಂದು ಅನ್ನಿಸಿತು. ಮತ್ತೆ ಯಾವ ದಿನ ಗೊತ್ತಾಗಬೇಕಿತ್ತು ಎಂದು ತನ್ನನ್ನೇ ಕೇಳಿಕೊಂಡಳು. ಆ ಪ್ರಶ್ನೆಯ ಹಿಂದೆ ಏನು ಕೂತಿದೆ ಎಂಬುದು ತಿಳಿದಿದ್ದರಿಂದ ಅದನ್ನು ಅಲ್ಲಿಗೇ ಬಿಟ್ಟು ಎದ್ದು ಹೋಗಿ ಗ್ಯಾಸ್ ಆರಿಸಿದಳು. ಬೇಳೆ ತಳ ಹಿಡಿದ ವಾಸನೆ ಬರುತ್ತಿತ್ತು.

ಮೂರು ವಾರಗಳಿಂದ ಅವಳು ಮಾಡುತ್ತಿದ್ದದ್ದು ಶುಚಿಗೊಳಿಸುವ ಕೆಲಸ. ಕಲ್ಲುಗಣಿಗಳ ಯಂತ್ರಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಹೈದರಾಬಾದಿನ ಒಂದು ಸಣ್ಣ ಕಂಪನಿಗೆ ಅವಳು ಹದಿನಾಲ್ಕು ವರ್ಷಗಳಿಂದ ದುಡಿಯುತ್ತಿದ್ದಳು. ಪ್ಯಾನೆಲ್ಲಿನೊಳಗಿನ ಪ್ರೋಗ್ರಾಮು ಎಲ್ಲಾದರೂ ಕೆಟ್ಟು ನಿಂತರೆ, ನಿಂತ ಹೊತ್ತಿನ ತನ್ನ ಸ್ಥಿತಿಯನ್ನೆಲ್ಲ ಒಂದು ಕಡತಕ್ಕೆ ಇಳಿಸಿಡುತ್ತದೆ. ಆ ಕಡತವನ್ನು ತೆರೆದು ಯಾವ ಫಂಕ್ಷನ್ನು, ಎಂದರೆ ಪ್ರೋಗ್ರಾಮಿನ ಯಾವ ತುಂಡು, ಯಾವುದನ್ನು ಕರೆಯಿತು, ಕೊನೆಗೆ ಯಾವುದರಲ್ಲಿ ಸಿಕ್ಕಿಬಿತ್ತು ಎಂದು ತಿಳಿಸುವ ಇನ್ನೊಂದು ಪ್ರೋಗ್ರಾಮು ಡಿಬಗ್ಗರ್. ಕಂಪನಿ ತನ್ನ ಡಿಬಗ್ಗರನ್ನು ತಾನೇ ಬರೆದುಕೊಂಡಿತ್ತು. ಬರೆದವರು ಅಬ್ದುಲ್ ಕರೀಮ್. ಆಗ ವಾಡಿಯಲ್ಲಿ ಕಂಪನಿಯ ಶಾಖೆ ಇತ್ತು, ಫರಸಿಕಲ್ಲಿನ ಗೋದಾಮಿನ ಮೇಲಿನ ಎರಡು ಕೋಣೆ. ಅವಳು ಕೆಲಸಕ್ಕೆ ಸೇರಿದ ಮೊದಲ ವಾರ ಕರೀಮ್ ಸರ್ ಅವಳನ್ನು ಕೆಳಗೆ ಕರೆದುಕೊಂಡು ಹೋಗಿ ಒಂದರ ಮೇಲೊಂದು ಪೇರಿಸಿಟ್ಟಿದ್ದ ಕಲ್ಲುಗಳನ್ನು ತೋರಿಸಿದ್ದರು. ಒಂದು ಫಂಕ್ಷನ್ನು ಇನ್ನೊಂದನ್ನು ಕರೆದಾಗಲೆಲ್ಲ ಹೀಗೆ ಒಂದು ಕಲ್ಲು ಏರುತ್ತದೆ, ಅದಕ್ಕೆ ಫ್ರೇಮ್ ಅನ್ನುತ್ತಾರೆ. ಮೇಲಿನ ಕಲ್ಲಿಗೆ ತನ್ನ ಕೆಳಗಿನದು ಮಾತ್ರ ಗೊತ್ತು. ನಾವು ಮೇಲಿನಿಂದ ಒಂದೊಂದನ್ನೇ ಕೇಳುತ್ತ ಇಳಿಯಬೇಕು ಎಂದು ಹೇಳಿ, ಗೋದಾಮಿನ ಹಮಾಲರು ನಗುತ್ತಿದ್ದರೂ ಲೆಕ್ಕಿಸದೆ, ಅವಳ ಕೈಯಿಂದಲೇ ಕಲ್ಲು ಮುಟ್ಟಿಸಿ ಎಣಿಸಿದ್ದರು.

ತೊಡಕು ಏನೆಂದರೆ, ಡಿಬಗ್ಗರ್ ಇಳಿಯುತ್ತ ಇಳಿಯುತ್ತ ಪ್ರತಿ ಫ್ರೇಮಿಗೆ ಒಂದು ಟಿಪ್ಪಣಿ ಮಾಡಿಕೊಳ್ಳುತ್ತದೆ. ನಡುವೆ ಹೆಸರುಗಳ ಹೊಸ ಕೋಶವೊಂದನ್ನು ತೆರೆಯಬೇಕಾಗಿ ಬಂದರೆ ಆ ಟಿಪ್ಪಣಿಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಯುತ್ತದೆ. ಹಳೆಯ ಟಿಪ್ಪಣಿ ಇದ್ದ ಜಾಗದ ವಿಳಾಸ ಪ್ರೋಗ್ರಾಮಿನ ಯಾವ ಭಾಗದ ಕೈಯಲ್ಲಾದರೂ ಉಳಿದಿದ್ದರೆ ಆ ಜಾಗದಲ್ಲಿ ಈಗ ಬೇರೇನೋ ಇರುತ್ತದೆ. ಒಮ್ಮೊಮ್ಮೆ ಅದು ಸರಿಯೆಂದೇ ಕಾಣುವ ಬೇರೇನೋ ಆಗಿರುತ್ತದೆ. ಕರೀಮ್ ಸರ್ ಪ್ರತಿ ಹೆಜ್ಜೆಗೂ ಫ್ರೇಮನ್ನು ಅದರ ಗುರುತಿನಿಂದ ಹೊಸದಾಗಿ ಹುಡುಕುತ್ತಿದ್ದರು. ಆ ಸಾಲುಗಳ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಟಿಪ್ಪಣಿ ಇತ್ತು: ಹಳೇದು ಕೈಯಾಗ ಇಟ್ಟಕೋಬ್ಯಾಡ, ಮತ್ತ ಕೇಳು. ಇದರಿಂದ ಯಾವುದು ಯಾವುದನ್ನು ಕರೆಯಿತು ಎಂಬ ಪಟ್ಟಿ ಬರಲು ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ಅಂಬಿಕಾ ಆ ಮರುಹುಡುಕಾಟವನ್ನು ತೆಗೆದುಹಾಕಿ ಮೂರು ಸೆಕೆಂಡಿಗೆ ಇಳಿಸಿದಳು. ಅನವಶ್ಯಕ ಎಂದು ಕಾರಣ ಬರೆದಿದ್ದಳು. ಒಂದೇ ಶಬ್ದ. ಹೈದರಾಬಾದಿನವರು ಚಪ್ಪಾಳೆ ತಟ್ಟಿದ್ದರು. ಕರೀಮ್ ಸರ್ ಅವಳ ಬದಲಾವಣೆಯನ್ನು ಎರಡು ದಿನ ಓದಿ, ತನಗೆ ಅಂಜಿಕೆ ಇದೆ, ಆದರೆ ಇಲ್ಲೇ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲಾರೆ ಎಂದು ಹೇಳಿದ್ದರು. ಅಂಜಿಕೆಯನ್ನು ಪ್ರೋಗ್ರಾಮಿನಲ್ಲಿ ಬರೆಯಲು ಬರುವುದಿಲ್ಲವಲ್ಲ ಸರ್ ಎಂದು ಅವಳು ನಕ್ಕಿದ್ದಳು. ಆಗ ಅವಳಿಗೆ ಇಪ್ಪತ್ತೇಳು.

ಈಗ ಹೈದರಾಬಾದಿನವರೇ ಹೇಳಿ ಕಳಿಸಿದ್ದರು: ಡಿಬಗ್ಗರ್ ತಾನೇ ಆಗಾಗ ಕುಸಿಯುತ್ತಿದೆ, ಫ್ರೇಮುಗಳ ವ್ಯವಹಾರವನ್ನೆಲ್ಲ ಒಮ್ಮೆ ತೊಳೆದು ಚೊಕ್ಕ ಮಾಡು. ವಿಳಾಸ ಹಿಡಿದಿಟ್ಟುಕೊಂಡಿದ್ದ ನೂರಾ ನಲವತ್ತಮೂರು ಜಾಗ ಸಿಕ್ಕಿದ್ದವು. ಒಂದೊಂದನ್ನೂ ತೆಗೆದು, ತಾನೇ ಮರುಹುಡುಕುವಂಥ ಹೊಸ ಹಿಡಿಕೆ ಹಾಕುತ್ತ ಬಂದಳು. ಕೊನೆಗೆ ಉಳಿದದ್ದು ಪಟ್ಟಿ ಮಾಡುವ ಭಾಗ, ಅವಳು ಮೂರು ಸೆಕೆಂಡಿಗೆ ಇಳಿಸಿದ್ದು. ಅದನ್ನು ಸರಿಪಡಿಸಿ, ಪರೀಕ್ಷೆಗೆಂದು ಹಳೆಯ ಕಡತಗಳ ಪೆಟ್ಟಿಗೆಯಿಂದ ಚಿತ್ತಾಪುರದ ಕಡತವನ್ನೇ ಯಾಕೆ ತೆಗೆದಳೋ. ಬೇರೆ ಅರವತ್ತು ಕಡತಗಳಿದ್ದವು.

ಹನ್ನೊಂದು ವರ್ಷದ ಹಿಂದೆ ಚಿತ್ತಾಪುರದ ಕಡೆಯ ಒಂದು ಗಣಿಯಲ್ಲಿ ಕಲ್ಲು ಸಾಗಿಸುವ ಬೆಲ್ಟಿಗೆ ಲಾಲಪ್ಪ ಎಂಬ ಕೂಲಿಯವನ ಕೈ ಸಿಕ್ಕಿತ್ತು. ಪಕ್ಕದವರು ತುರ್ತಿಗೆಂದು ಕಟ್ಟಿದ್ದ ಹಗ್ಗ ಜಗ್ಗಿದರು. ಜಗ್ಗಿದ ಕೂಡಲೆ ನಿಲ್ಲಬೇಕಾದ ಬೆಲ್ಟು ಒಂಬತ್ತು ಸೆಕೆಂಡು ಓಡಿತು. ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು. ಮೂರನೆಯ ದಿನ ಪ್ಯಾನೆಲ್ಲಿನ ಕಡತ ಬಂತು, ಅಂಬಿಕಾ ತೆರೆದಳು, ಪಟ್ಟಿ ಬಂತು. ಎಲ್ಲಕ್ಕೂ ಮೇಲೆ, ಎಂದರೆ ಪ್ರೋಗ್ರಾಮು ಸಿಕ್ಕಿಬಿದ್ದ ಜಾಗದಲ್ಲಿ, ಬೆಲ್ಟು ನಿಲ್ಲಿಸಲೆಂದು ಕರೀಮ್ ಸರ್ ಬರೆದ ಫಂಕ್ಷನ್ನು. ಪರದೆಯಲ್ಲಿ ಹೈದರಾಬಾದಿನ ಆರು ಮುಖಗಳು, ಪಕ್ಕದ ಕುರ್ಚಿಯಲ್ಲಿ ಕರೀಮ್ ಸರ್. ಅವಳು ತಗ್ಗಿದ ಧ್ವನಿಯಲ್ಲಿ ಹೆಸರುಗಳನ್ನು ಓದಿದ್ದಳು, ತಗ್ಗಿಸಿ ಓದಿದರೆ ಮರ್ಯಾದೆ ಉಳಿಯುತ್ತದೆ ಎಂಬಂತೆ. ಕರೀಮ್ ಸರ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು.

"ಇನ್ನೊಮ್ಮಿ ಓಡಿಸಿ ನೋಡೂಣೇನು, ಬೇಟಾ?"

"ಎಷ್ಟ ಸಲ ಓಡಿಸಿದ್ರೂ ಅದೇ ಬರ್ತದರಿ ಸರ್."

ಓಡಿಸಿದ್ದು ಒಂದೇ ಸಲ. ಎರಡನೆಯ ಸಲ ಓಡಿಸಿದ್ದರೆ ಬಹುಶಃ ಬೇರೆ ಹೆಸರು ಬರುತ್ತಿತ್ತು. ಈಗ ಏಳು ಸಲ ಓಡಿಸಿದಾಗ ಏಳು ಸಲವೂ ಬಂದದ್ದು ಸೆನ್ಸರಿನ ಜೊತೆಗೆ ಎಲ್ಲಿಂದಲೋ ಕೊಂಡು ತಂದ ಒಂದು ತುಂಡು ಪ್ರೋಗ್ರಾಮಿನ ಹೆಸರು. ಅದನ್ನು ಯಾರು ಬರೆದರೋ, ಎಲ್ಲಿದ್ದಾರೋ. ಕರೀಮ್ ಸರ್ ಬರೆದದ್ದು ತನ್ನ ಕೆಲಸ ಮುಗಿಸಿ, ಬೆಲ್ಟು ನಿಲ್ಲಿಸಿ ಎಂದು ಹೇಳಿ, ಆಗಲೇ ಹಿಂದಿರುಗಿ ಹೋಗಿತ್ತು.

ಆದರೆ ಇದಿಷ್ಟೇ ಆಗಿದ್ದರೆ ಅಂಬಿಕಾ ಬೇಳೆ ತಳ ಹಿಡಿಸುತ್ತಿರಲಿಲ್ಲ. ತಪ್ಪು ಯಾರಿಗಾದರೂ ಆಗುತ್ತದೆ, ಇಪ್ಪತ್ತೇಳರ ಹುಡುಗಿಗೆ ಸೊಕ್ಕೂ ಇರುತ್ತದೆ. ಚಿತ್ತಾಪುರದ ಆ ಪಟ್ಟಿಯ ನಂತರ ಕರೀಮ್ ಸರ್ ರಾಜೀನಾಮೆ ಕೊಟ್ಟು ಹೋಗಿದ್ದರು, ಹೋಗಿ ಆರು ತಿಂಗಳಾಗಿತ್ತು. ಅವರ ಕುರ್ಚಿಯಲ್ಲಿ ಅವಳೇ ಕೂರುತ್ತಿದ್ದಳು, ಕುರ್ಚಿಯ ಎತ್ತರ ಮಾತ್ರ ಬದಲಿಸಿಕೊಂಡಿರಲಿಲ್ಲ, ಕಾಲು ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಚಿಂಚೋಳಿ ಕಡೆಯಿಂದ, ಕುಂಚಾವರಂ ದಾರಿಯ ಒಂದು ಕ್ರಷರಿನಿಂದ, ಬೇರೊಂದು ಕಡತ ಬಂತು. ಪಟ್ಟಿಯ ಮೇಲೆ ಅದೇ ಹೆಸರು. ಆ ಯಂತ್ರದಲ್ಲಿ ಬೆಲ್ಟೇ ಇರಲಿಲ್ಲ. ಕರೀಮ್ ಸರ್ ಬರೆದ ಆ ಫಂಕ್ಷನ್ನನ್ನು ಅದರೊಳಗೆ ಹಾಕಿಯೇ ಇರಲಿಲ್ಲ. ಇಲ್ಲದ್ದು ಹೇಗೆ ಬಂತು ಎಂದು ಮತ್ತೆ ಓಡಿಸಿದಳು, ಬೇರೆ ಹೆಸರು ಬಂತು. ಮೂರನೆಯ ಸಲ ಇನ್ನೂ ಬೇರೆ. ಹಾಗಾದರೆ ಚಿತ್ತಾಪುರದ ಪಟ್ಟಿಯೂ ಸುಳ್ಳಿರಬಹುದು ಎಂದು ಆಗ ಹೊಳೆದದ್ದು ಇವತ್ತಿಗೂ ನೆನಪಿದೆ. ಸರ್ ಬರೆದಿದ್ದ ಹಳೆಯ ಡಿಬಗ್ಗರ್ ಮನೆಯ ಕಂಪ್ಯೂಟರಿನಲ್ಲಿತ್ತು, ಚಿತ್ತಾಪುರದ ಕಡತ ಕೈಗೆ ಸಿಗುವಲ್ಲಿತ್ತು. ಅದರಲ್ಲಿ ಓಡಿಸಿ ನೋಡಲು ಅರ್ಧ ಗಂಟೆಯ ಕೆಲಸ. ಅವಳು ಎದ್ದು ಕೆಳಗೆ ಹೋಗಿ ಚಹಾ ಕುಡಿದಳು. ಬಂದು, ಕಡತ ಹಾಳಾಗಿದೆ, ಮತ್ತೆ ಕಳಿಸಿ ಎಂದು ಉತ್ತರ ಬರೆದಳು. ಗೊತ್ತಾಯಿತು ಎಂದರೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದುಕೊಳ್ಳಲು ಒಂದು ಕಪ್ ಚಹಾ ಸಾಕಾಗಿತ್ತು. ಆಮೇಲೆ ಮದುವೆ, ಅತ್ತೆಯ ಕಾಯಿಲೆ, ಶಾಖೆ ಮುಚ್ಚಿ ಮನೆಯಿಂದಲೇ ಕೆಲಸ. ನೋಡದಿರಲು ಕಾರಣಗಳಿಗೆ ಬರ ಇರಲಿಲ್ಲ.

ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ಗಂಡ ದಿಲೀಪ ಡ್ಯೂಟಿ ಮುಗಿಸಿ ಹತ್ತಕ್ಕೆ ಬಂದ. ತಳ ಹಿಡಿದ ಬೇಳೆಯನ್ನೇ ಹಾಕಿಕೊಂಡು ಉಣ್ಣುತ್ತ ಅವಳು ಹೇಳಿದ್ದನ್ನೆಲ್ಲ ಕೇಳಿದ. ಅರ್ಧ ಕಥೆಯನ್ನಷ್ಟೇ ಹೇಳಿದ್ದಳು, ಚಿತ್ತಾಪುರದ್ದು. ಕುಂಚಾವರಂ ದಾರಿಯದ್ದನ್ನು ಬಿಟ್ಟಿದ್ದಳು. ಮುದುಕ ಮನುಷ್ಯ, ಮರೆತಿರುತ್ತಾರೆ, ಈಗ ಹೋಗಿ ಹುಣ್ಣು ಕೆದರುವುದು ಅವರಿಗಾಗಿಯೋ ನಿನಗಾಗಿಯೋ ಎಂದು ಅವನು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವಳು ಸೀರೆ ಬದಲಿಸಿ ಬಂದಳು. ಅವರು ಮರೆತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ವಾಡಿ ಜಂಕ್ಷನ್ನಿನಲ್ಲಿ ಅವರನ್ನು ಎಷ್ಟೋ ಸಲ ಕಂಡಿದ್ದಳು, ಬಟ್ಟೆಯ ಚೀಲ ಹಿಡಿದು ಚಿತ್ತಾಪುರದ ಮೇಲೆ ಹಾದು ಹೋಗುವ ಸೇಡಂ ಕಡೆಯ ಗಾಡಿಗೆ ಕಾಯುತ್ತ ನಿಂತದ್ದನ್ನು. ಒಮ್ಮೆ ತೀರ ಹತ್ತಿರ, ನಾಲ್ಕು ಮಾರು ದೂರದಲ್ಲಿ. ಅವರು ತಲೆ ಎತ್ತುವ ಮೊದಲೇ ಅವಳು ನಲ್ಲಿಯ ಕಡೆ ತಿರುಗಿ, ಬಾಯಾರಿಕೆ ಇಲ್ಲದಿದ್ದರೂ, ಬೊಗಸೆಯಲ್ಲಿ ನೀರು ಹಿಡಿದು ಕುಡಿದಿದ್ದಳು. ಗಾಡಿ ಹೊರಡುವವರೆಗೂ ಕುಡಿಯುತ್ತಲೇ ಇದ್ದಳು. ಸೆರಗೆಲ್ಲ ತೊಯ್ದಿತ್ತು.

ವಾಡಿಯಿಂದ ಕರೀಮ್ ಸರ್ ಊರು ಶಹಾಬಾದಿಗೆ ಗಾಡಿಯಲ್ಲಿ ಬರೀ ಕಾಲು ಗಂಟೆಯ ದಾರಿ. ಹನ್ನೊಂದು ವರ್ಷದಲ್ಲಿ ಆ ಕಾಲು ಗಂಟೆ ಅವಳಿಗೆ ಸಿಕ್ಕಿರಲಿಲ್ಲ. ಕಿಟಕಿಯಲ್ಲಿ ತೊಗರಿ ಹೊಲಗಳು ಮುಗಿದು ಗಣಿಯ ಹೊಂಡಗಳು, ಹೊಂಡಗಳ ಅಂಚಿನಲ್ಲಿ ಒಡೆದ ಕಲ್ಲಿನ ರಾಶಿಗಳು ಶುರುವಾದವು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮೊದಲು ಚಿತ್ತಾಪುರ, ಆಮೇಲೆ ಕುಂಚಾವರಂ. ಇಲ್ಲ, ಮೊದಲು ಕುಂಚಾವರಂ. ಅದನ್ನು ಹೇಳಿಬಿಟ್ಟರೆ ಉಳಿದದ್ದು ಹಗುರ. ಎದುರಿಗೆ ಕೂತಿದ್ದ ಹೆಂಗಸು, ಏನಂದ್ರಿ ಎಂದು ಕೇಳಿದಾಗಲೇ ತನ್ನ ತುಟಿ ಅಲುಗುತ್ತಿದ್ದದ್ದು ಗೊತ್ತಾಗಿ ನಾಚಿ ಹೊರಗೆ ನೋಡಿದಳು.

ಸರ್ ಊರು ಬಿಟ್ಟು ಹೋಗಿಲ್ಲ, ಹೆಂಡತಿಯ ತಮ್ಮ ಮೌಲಾಲಿ ನಡೆಸುವ ಕಲ್ಲಿನ ಪಾಲಿಶ್ ಮಷಿನ್ನಿನಲ್ಲಿ ಇರುತ್ತಾರೆ ಎಂದು ಸ್ಟೇಷನ್ನಿನ ಹೊರಗಿನ ಆಟೋದವನೇ ಹೇಳಿದ. ತಗಡಿನ ಚಪ್ಪರದ ಕೆಳಗೆ ನಾಲ್ಕು ಯಂತ್ರಗಳು ಏಕಕಾಲಕ್ಕೆ ಕಲ್ಲು ಉಜ್ಜುತ್ತಿದ್ದವು. ಆ ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ತಾಕಿತು. ನೆಲದ ತುಂಬ ಕಲ್ಲಿನ ಹಿಟ್ಟು ಕಲೆತ ಬಿಳಿಯ ನೀರು. ಮೂಲೆಯಲ್ಲಿ ಒಂದು ಪ್ಯಾನೆಲ್ಲಿನ ಮುಂದೆ ಸ್ಟೂಲಿನ ಮೇಲೆ ಕರೀಮ್ ಸರ್ ಕೂತಿದ್ದರು. ಬೆಳ್ಳಗಾದ ಗಡ್ಡ, ಅದೇ ದಪ್ಪ ಕನ್ನಡಕ. ಅವಳನ್ನು ಕಂಡು ಒಂದು ಕ್ಷಣ ಯಾರೆಂದು ಹುಡುಕಿ, ಗುರುತು ಹತ್ತಿದ ಕೂಡಲೆ ಎರಡೂ ಕೈ ಎತ್ತಿ ಎದ್ದು ನಿಂತರು. ಅಂಬಿಕಾ ಎಂದು ಅವರು ಕರೆದದ್ದು ಯಂತ್ರದ ಸದ್ದನ್ನೂ ಮೀರಿ ಕೇಳಿತು. ಕೆಲಸದವರು ತಿರುಗಿ ನೋಡಿದರು. ಎರಡು ವರ್ಷದಿಂದ ತನಗೆ ಕಿವಿ ಕೇಳಿಸುವುದಿಲ್ಲ, ಮೌಲಾಲಿ ತಂದುಕೊಟ್ಟ ಯಂತ್ರ ಕಿವಿಗೆ ಹಾಕಿದರೆ ಈ ಪಾಲಿಶಿನ ಸದ್ದಷ್ಟೇ ದೊಡ್ಡದಾಗುತ್ತದೆ ಎಂದು ನಗುತ್ತ ಹೇಳಿದರು. ತನ್ನ ಧ್ವನಿ ಎಷ್ಟು ಏರಿದೆ ಎಂಬುದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಪ್ಯಾನೆಲ್ಲನ್ನು ಹೆಮ್ಮೆಯಿಂದ ತೋರಿಸಿದರು. ಬರಿಯ ಸ್ವಿಚ್ಚು, ರಿಲೇ, ತಂತಿ. ಒಂದೂ ಪ್ರೋಗ್ರಾಮಿಲ್ಲ. ಕೆಲಸ ಬಿಟ್ಟ ದಿನದಿಂದ ಒಂದು ಸಾಲೂ ಬರೆದಿಲ್ಲ ಎಂದು, ದೂರಿನಂತಲ್ಲ, ಸಿಗರೇಟು ಬಿಟ್ಟವರು ಹೇಳುವಂತೆ ಹೇಳಿದರು.

ಅವಳು ಅವರ ಕಿವಿಯ ಹತ್ತಿರ ಬಾಗಿ, ಸರ್, ಬೆಲ್ಟಿನ ತಪ್ಪು ನಿಮ್ಮದಲ್ಲ ಎಂದಳು. ಕೇಳಿಸಲಿಲ್ಲ. ಧ್ವನಿ ಏರಿಸಿದಳು. ಅವರು ತಲೆ ಆಡಿಸಿ, ಊಟ ಆಗಿದೆ ಎಂದರು. ಮೂರನೆಯ ಸಲ ಕೂಗಬೇಕಾಯಿತು, ಕೂಗುವ ಹೊತ್ತಿಗೇ ಕಲ್ಲು ಬದಲಿಸಲೆಂದು ಒಬ್ಬ ಯಂತ್ರ ನಿಲ್ಲಿಸಿದ್ದ. ತಪ್ಪು ಎಂಬ ಒಂದೇ ಶಬ್ದ ಚಪ್ಪರದ ತುಂಬ ಕೇಳಿಸಿ, ಅವಳ ಮುಖ ಕಾದುಹೋಯಿತು. ಕರೀಮ್ ಸರ್ ಜೇಬಿನಿಂದ ಕಲ್ಲಿಗೆ ಗುರುತು ಹಾಕುವ ಪೆನ್ಸಿಲು, ಒಂದು ಹಳೆಯ ಚೀಟಿ ತೆಗೆದು ಅವಳಿಗೆ ಕೊಟ್ಟರು. "ಬರದು ತೋರಸು, ಬೇಟಾ. ಓದಲಿಕ್ಕ ಇನ್ನೂ ಬರ್ತದ."

ಬರೆಯುವುದು ಇಷ್ಟು ಕಷ್ಟ ಎಂದು ಅವಳು ಎಣಿಸಿರಲಿಲ್ಲ. ಚಿತ್ತಾಪುರದ ಕಡತ ಮತ್ತೆ ಓಡಿಸಿದೆ. ನಿಮ್ಮ ಫಂಕ್ಷನ್ನಿನಲ್ಲಿ ತಪ್ಪಿಲ್ಲ. ನಾನು ತೆಗೆದ ಸಾಲುಗಳಿಂದ ಪಟ್ಟಿ ಸುಳ್ಳು ಹೇಳಿತು. ತಪ್ಪು ನನ್ನದು. ಇಷ್ಟೇ ನಾಲ್ಕು ಸಾಲು. ಅವರು ಚೀಟಿಯನ್ನು ತೋಳಿನುದ್ದ ದೂರ ಹಿಡಿದು ಓದಿದರು. ಮತ್ತೊಮ್ಮೆ ಓದಿದರು. ಪಕ್ಕದಲ್ಲಿ ಪೇರಿಸಿಟ್ಟಿದ್ದ ಕಲ್ಲುಗಳ ಮೇಲೆ ನಿಧಾನವಾಗಿ ಕೂತರು.

"ನಂದಲ್ಲೇನು?"

ಅಲ್ಲ ಎಂದು ಅವಳು ತಲೆ ಆಡಿಸಿದಳು.

"ಲಾಲಪ್ಪನ ಕೈ… ನಂದಲ್ಲ?"

ಅವರು ಚೀಟಿಯನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ನೀವಿ ನೀವಿ ಸುಕ್ಕು ತೆಗೆದರು. ಆಮೇಲೆ ತಲೆ ಎತ್ತಿ, ಬರೆದದ್ದರಲ್ಲಿ ಒಂದು ಬಿಟ್ಟುಹೋಗಿದೆ ಎಂಬಂತೆ, ಹಳೆಯ ಅಭ್ಯಾಸದಂತೆ, ಅವಳ ಕೆಲಸ ಪರೀಕ್ಷಿಸುವಾಗ ಕೇಳುತ್ತಿದ್ದ ಹಾಗೆಯೇ ಕೇಳಿದರು. "ಇದು ನಿಂಗ ಯಾವಾಗ ಗೊತ್ತಾಯ್ತು?"

ಚೀಟಿ ಮತ್ತೆ ಅವಳ ಕೈಗೆ ಬಂತು. ಪೆನ್ಸಿಲಿನಿಂದ ಹತ್ತು ಎಂಬುದರ ಮೊದಲ ಅಕ್ಷರ ಬರೆದಳು. ಹ. ಹತ್ತು ವರ್ಷದ ಹಿಂದೆ ಎಂದು ಬರೆದರೆ ಮುಗಿಯಿತು. ಕಲ್ಲಿನ ಮೇಲೆ ಕೂತು ಮಗುವಿನಂತೆ ಮುಖ ಎತ್ತಿ ಕಾಯುತ್ತಿದ್ದ ಆ ಮನುಷ್ಯನನ್ನು ನೋಡಿದಳು. ಈ ಮುಖದಿಂದ ಈ ಸಂತೋಷವನ್ನು ಹೇಗೆ ಕಸಿಯಲಿ ಎಂದು ಆಗ ಅನ್ನಿಸಿದ್ದು ಸುಳ್ಳಲ್ಲ. ಆದರೆ ಅದಕ್ಕಿಂತ ಒಂದು ಕ್ಷಣ ಮೊದಲು ಅನ್ನಿಸಿದ್ದು, ಇವರಿಗೆ ನಾನು ಹೇಗೆ ಕಾಣುವೆ ಎಂಬುದು. ಆ ಕ್ರಮ ಅವಳಿಗೆ ಸ್ಪಷ್ಟವಾಗಿ ನೆನಪಿರುತ್ತದೆ. ಅಕ್ಷರದ ಮೇಲೆ ಗೀಟು ಎಳೆದು, ಅದರ ಪಕ್ಕ, ಇವತ್ತು ಮುಂಜಾನೆ ಎಂದು ಬರೆದಳು.

ಕರೀಮ್ ಸರ್ ಓದಿ ಅವಳನ್ನು ನೋಡಿದರು. ಕಲ್ಲಿನ ಹಿಟ್ಟು ಮೆತ್ತಿದ ಕೈಯನ್ನು ಅವಳ ತಲೆಯ ಮೇಲೆ ಇಟ್ಟರು. ಕೈ ಭಾರವಾಗಿತ್ತು, ಅದರ ಕೆಳಗಿನಿಂದ ತಲೆ ತೆಗೆಯುವ ದಾರಿ ಅವಳಿಗೆ ಕಾಣಲಿಲ್ಲ.

ಮನೆ ಚಪ್ಪರದ ಹಿಂದೆಯೇ ಇತ್ತು. ಅವರೇ ಅವಳನ್ನು ಕರೆದೊಯ್ದು, ಹೆಂಡತಿ ಅಖ್ತರ ಬೇಗಂ ಕೈಗೆ ಚೀಟಿ ಕೊಟ್ಟು, ಓದು ಎಂದು ಹೇಳಿ, ಮೌಲಾಲಿಗೆ ತಿಳಿಸಬೇಕೆಂದು ಅವಸರದಿಂದ ಹಿಂದಿರುಗಿ ಹೋದರು. ಅಖ್ತರ ಬೇಗಂ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಿಂತುಕೊಂಡೇ ಓದಿದರು. ಆಮೇಲೆ ಒಳಗೆ ಹೋಗಿ ಚಹಾ ತಂದಿಟ್ಟು, ಎದುರಿಗೆ ಕೂತು, ತಮ್ಮ ಪಾಡಿಗೆ ಹೇಳುತ್ತ ಹೋದರು. ತಿಂಗಳಿಗೊಮ್ಮೆ ಕರೀಮ್ ಸರ್ ಸೇಡಂ ಕಡೆಯ ಆಡಕಿಗೆ ಹೋಗುತ್ತಾರೆ, ಲಾಲಪ್ಪನ ಊರಿಗೆ. ಚೀಲದಲ್ಲಿ ಅವನ ಮಕ್ಕಳಿಗೆ ಏನಾದರೂ ಒಯ್ಯುತ್ತಾರೆ. ಹೋಗಿ ಅವನ ಮುಂದೆ ಒಂದು ತಾಸು ಕೂತು ಬರುತ್ತಾರೆ. ಲಾಲಪ್ಪ ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮನೆಗೆ ಬಂದು ಹೇಳುತ್ತಾರೆ, ಆ ದಿನ ಉಣ್ಣುವುದಿಲ್ಲ. ಅಂಬಿಕಾಳ ಕಣ್ಣ ಮುಂದೆ ವಾಡಿಯ ಪ್ಲಾಟ್‌ಫಾರಂ ಬಂತು, ಬಟ್ಟೆಯ ಚೀಲ ಬಂತು. ಕಪ್ಪನ್ನು ಕೆಳಗಿಟ್ಟಳು.

ಅಖ್ತರ ಬೇಗಂ ಚೀಟಿಯನ್ನು ಬೆಳಕಿಗೆ ಹಿಡಿದರು. "ಮೂವತ್ತ ವರ್ಷ ಹುಡುಗರ ಕಾಪಿ ತಿದ್ದೀನಿ, ತಂಗಿ. ಹೊಡದು ಬರದದ್ದೇ ನಂಗ ಮೊದಲ ಕಾಣಸ್ತದ. ಇಲ್ಲಿ ಏನ ಬರೀಲಿಕ್ಕ ಹೋಗಿದ್ದಿ?"

ಹೊರಗೆ ಯಂತ್ರಗಳು ಒಂದೊಂದಾಗಿ ನಿಲ್ಲುತ್ತಿದ್ದವು, ಊಟದ ಹೊತ್ತು.

"ಇವತ್ತ ಮುಂಜಾನಿ ಗೊತ್ತಾಯ್ತೇನು?"

"ಇಲ್ರಿ ಅಮ್ಮಾ," ಎಂದಳು. ಒಮ್ಮೆ ಬಾಯಿ ತೆರೆದ ಮೇಲೆ ಎಲ್ಲವೂ ಬಂತು, ಕುಂಚಾವರಂ ದಾರಿಯ ಕ್ರಷರು, ಮೂರು ಸಲ ಬಂದ ಮೂರು ಹೆಸರು, ಚಹಾ, ನಲ್ಲಿಯ ನೀರು. ಅಖ್ತರ ಬೇಗಂ ಮುಖದಲ್ಲಿ ಸಿಟ್ಟು ಹುಡುಕಿದಳು. ಸಿಟ್ಟು ಕಂಡಿದ್ದರೆ ಅದರ ಕಾಲು ಹಿಡಿಯಬಹುದಿತ್ತು. ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅವರಿಗೆ ಇವತ್ತಿಂದೇ ಇರಲಿ," ಎಂದರು ಕೊನೆಗೆ. "ಹತ್ತ ವರ್ಷದಿಂದ ನಿಂಗ ಗೊತ್ತಿತ್ತಂದ್ರ, ಆಡಕಿಗೆ ಹೋದ ಒಂದೊಂದ ಸಲಾನೂ ಅವರು ಮನಸಿನಾಗ ಮತ್ತ ಹೋಗಿ ಬರಬೇಕಾಗ್ತದ. ಅಷ್ಟ ಶಕ್ತಿ ಈಗ ಇಲ್ಲ. ನಂಗ ಹೇಳಿದಿಯಲ್ಲ, ನನ್ನ ಹತ್ರ ಇರ್ತದ."

ಕ್ಷಮೆ ಎಂಬ ಶಬ್ದ ಅಂಬಿಕಾಳ ಬಾಯಿಗೆ ಬಂದು, ಹೊರಗೆ ಬರಲು ನಾಚಿ ಒಳಗೇ ನಿಂತಿತು. ಎದ್ದಳು. ಅಖ್ತರ ಬೇಗಂ ಬಾಗಿಲ ತನಕ ಬಂದರು, ಅವಳ ತಲೆಯ ಮೇಲೆ ಉಳಿದಿದ್ದ ಬಿಳಿಯ ಹಿಟ್ಟನ್ನು ತಮ್ಮ ಸೆರಗಿನಿಂದ ಒರೆಸಿದರು, ಒಂದು ಕ್ಷಣ ಅವಳಿಗೆ ಎಲ್ಲವೂ ಮುಗಿಯಿತು ಎಂದು ಅನ್ನಿಸಿತು.

"ಇನ್ನ ಬರಬ್ಯಾಡ, ತಂಗಿ," ಎಂದರು ಅವರು, ಮೆಲ್ಲಗೆ. "ಬಂದಿ ಅಂದ್ರ ನಾನೂ ನಿನ್ನ ಜೋಡಿ ಸುಳ್ಳ ಹೇಳಬೇಕಾಗ್ತದ."

ಅವಳು ತಲೆ ಆಡಿಸಿ ಮೆಟ್ಟಿಲಿಳಿದಳು. ಚಪ್ಪರದ ಮುಂದಿನಿಂದ ಹೋಗದೆ ಹಿಂದಿನ ಓಣಿ ಹಿಡಿದಳು. ಇಕ್ಕೆಲಕ್ಕೂ ಕಲ್ಲಿನ ಅಂಗಳಗಳು, ಬಿಸಿಲಿಗೆ ಒಣಗಲು ನಿಲ್ಲಿಸಿದ ಕಲ್ಲುಗಳು. ಯಂತ್ರಗಳೆಲ್ಲ ನಿಂತು ಊರು ಏಕಾಏಕಿ ತೆರವಾದಂತಿತ್ತು. ಆ ತೆರವಿನಲ್ಲಿ, ತಾನು ಕೂಗುತ್ತಿದ್ದೇನೆಂಬ ಅರಿವೇ ಇಲ್ಲದ ಕರೀಮ್ ಸರ್ ಧ್ವನಿ ಗೋಡೆಗಳನ್ನು ದಾಟಿ ಬಂತು, ಊಟಕ್ಕೆ ಕೂತ ಕೆಲಸದವರಿಗೆ ಹೇಳುತ್ತಿದ್ದರು: "ನಾ ಕಲಿಸಿದ ಹುಡುಗಿ. ಮುಂಜಾನಿ ಗೊತ್ತಾಗ್ಯದ, ಮಧ್ಯಾಹ್ನಕ್ಕ ಓಡಿ ಬಂದಾಳ ನೋಡ್ರಿ." ಅವಳು ಹೆಜ್ಜೆ ಜೋರು ಮಾಡಿದಳು. ಓಣಿಯ ತಿರುವಿನಲ್ಲೂ ಕೇಳಿಸಿತು, ತಿರುವು ದಾಟಿದ ಮೇಲೂ ಕೇಳಿಸಿತು. ಹೊಸದಾಗಿ ಯಾರೋ ಬಂದಿರಬೇಕು, ಕರೀಮ್ ಸರ್ ಮತ್ತೆ ಮೊದಲಿನಿಂದ ಹೇಳುತ್ತಿದ್ದರು.